ಒಂಬತ್ತು ಜನರ ಕಚೇರಿ, ಎಂಟು ಜನರ ಲೆಕ್ಕ

ಪ್ರಶ್ನೆ: ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದೊಂದು ತೆರಿಗೆ ಸಲಹಾ ಕಚೇರಿ. ನನ್ನನ್ನು ಬಿಟ್ಟು ಒಂಬತ್ತು ಸಿಬ್ಬಂದಿ, ಅವರಲ್ಲಿ ಜಿಎಸ್‌ಟಿ ಕೆಲಸ ಗೊತ್ತಿರುವವರು ಏಳು ಜನ. ತಿಂಗಳಿಗೆ 180 ಕ್ಲೈಂಟ್‌ಗಳ ರಿಟರ್ನ್. 50 ನಿಲ್ (ಆ ತಿಂಗಳು ವಹಿವಾಟೇ ಇಲ್ಲದವು), 90 ಸಾಧಾರಣ, ಉಳಿದ 40 ಅಡಿಕೆ ಮಂಡಿ, ಗುತ್ತಿಗೆದಾರರು ಇಂಥ ದೊಡ್ಡ ಲೆಕ್ಕಗಳು. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಎಂದು ಗುಣಿಸಿ ನೋಡಿದರೆ ಕೆಲಸ ಸಲೀಸಾಗಿ ಮುಗಿಯಬೇಕು. ಆದರೆ ಪ್ರತಿ ತಿಂಗಳು 17ನೇ ತಾರೀಕು ದಾಟಿತೆಂದರೆ ರಾತ್ರಿ ಹತ್ತರವರೆಗೆ ಕೂರುತ್ತೇವೆ. 2025ರ ದೀಪಾವಳಿಗೆ ನಾಲ್ವರು 18ರಿಂದಲೇ ಊರಿಗೆ ಹೋದರು, ಅವರಲ್ಲಿ ಮೂವರು ಜಿಎಸ್‌ಟಿಯವರು. ಡ್ಯೂ ಡೇಟ್ ಇರುವ ವಾರದಲ್ಲಿ ರಜೆಯೇ ಇಲ್ಲ ಎಂದುಬಿಡಲೇ? ಇನ್ನೊಬ್ಬರನ್ನು ಸೇರಿಸಿಕೊಳ್ಳಲೇ? ರಜೆಗೆಂದು ಶೇಕಡಾ ಎಷ್ಟು ಕಳೆಯಬೇಕು? ಜೊತೆಗೆ, ನಮ್ಮಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ನೋಡಿಕೊಳ್ಳುವ ಒಬ್ಬರೇ ಒಬ್ಬರು ಇನ್ನು ಐದು ತಿಂಗಳಲ್ಲಿ ಹೆರಿಗೆ ರಜೆಗೆ ಹೋಗಲಿದ್ದಾರೆ.

ಉತ್ತರ: ನಿಮ್ಮ ಜನ ಸೋಮಾರಿಗಳಲ್ಲ, ನೀವು ಕೆಲಸ ಹಂಚುವುದರಲ್ಲೂ ದೊಡ್ಡ ದೋಷವಿಲ್ಲ. ನೀವು ಗುಣಿಸುವ 25 ಎಂಬ ಸಂಖ್ಯೆಯೇ ತಪ್ಪು. ಆ ಸಂಖ್ಯೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರ ಮನೆಯಲ್ಲೂ ಮದುವೆ ಇಲ್ಲ, ತೋಟದಲ್ಲಿ ಕೊಯ್ಲಿಲ್ಲ. ರಜೆಯನ್ನು ಆಮೇಲೆ ಬಂದೆರಗುವ ಅಡಚಣೆ ಎಂದು ನೋಡುವ ಬದಲು, ಕೆಲಸ ಒಪ್ಪಿಕೊಳ್ಳುವ ಮೊದಲೇ ಕಳೆದುಬಿಡಬೇಕಾದ ಅಂಕಿ ಎಂದು ನೋಡಿದರೆ ನಿಮ್ಮ ಅರ್ಧ ಸಮಸ್ಯೆ ಕಾಗದದ ಮೇಲೆಯೇ ಬಿಡಿಸಿಕೊಳ್ಳುತ್ತದೆ. ಉಳಿದ ಅರ್ಧ ಮಲೆನಾಡಿಗೇ ವಿಶೇಷವಾದದ್ದು. ಅದಕ್ಕೆ ಬರುತ್ತೇನೆ.

ಮೊದಲು ವರ್ಷದ ಲೆಕ್ಕ. 365ರಲ್ಲಿ 52 ಭಾನುವಾರ ತೆಗೆದರೆ 313. ಕರ್ನಾಟಕದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಐದು ಹಬ್ಬಗಳು, ಒಟ್ಟು ಹತ್ತು ದಿನ. ಉಳಿದದ್ದು 303. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಗಳಿಕೆ ರಜೆ ಕೊಡುತ್ತದೆ, ಅಂದರೆ ಸುಮಾರು 15. ಕಾಯಿಲೆ ರಜೆ ವರ್ಷಕ್ಕೆ 12. ಎರಡನ್ನೂ ಕಳೆದರೆ ಒಬ್ಬರಿಗೆ 276 ದಿನ, ತಿಂಗಳಿಗೆ 23. ಒಂಬತ್ತು ಜನರಿಗೆ 207 ಆಳು-ದಿನ. ನೀವು ಲೆಕ್ಕ ಹಿಡಿದದ್ದು 225. ಪ್ರತಿ ತಿಂಗಳು 18 ಆಳು-ದಿನ ನಿಮ್ಮ ಕಾಗದದ ಮೇಲೆ ಇವೆ, ಕಚೇರಿಯಲ್ಲಿ ಇಲ್ಲ. ಸಂಬಳದ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದರೂ ಕೆಲಸದ ಲೆಕ್ಕಕ್ಕೆ ಸಿಗುವವರು ಎಂಟೂ ಕಾಲು ಜನ ಮಾತ್ರ. ಎಲ್ಲರೂ ಕಾಯಿಲೆ ರಜೆ ಪೂರ್ತಿ ಬಳಸುವುದಿಲ್ಲ, ನಿಜ. ಆದರೆ 2025ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ತಿಂಗಳಿಗೊಂದು ದಿನದ ಮುಟ್ಟಿನ ರಜೆಯನ್ನು ನಾನು ಇದರಲ್ಲಿ ಸೇರಿಸಿಲ್ಲ. ನಿಮ್ಮಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದಾರೋ ಅಷ್ಟು ದಿನವನ್ನು ತಿಂಗಳಿನಿಂದ ಇನ್ನೂ ಕಳೆಯಬೇಕು. ಅದು ಅವರ ಹಕ್ಕು ಎಂದೇ ಹಿಡಿದು ಲೆಕ್ಕ ಮಾಡಿ. ಯಾರೂ ತೆಗೆದುಕೊಳ್ಳಲಿಕ್ಕಿಲ್ಲ ಎಂಬ ನಂಬಿಕೆಯ ಮೇಲೆ ಯೋಜನೆ ಕಟ್ಟಬೇಡಿ.

ಇನ್ನು ದಿನಕ್ಕೆ 8 ಗಂಟೆ ಎಂಬುದು. ತೆರಿಗೆ ಕಚೇರಿಯಲ್ಲಿ ಕ್ಲೈಂಟ್‌ಗಳ ಫೋನು, ‘ಇಲ್ಲೇ ಪಕ್ಕದಲ್ಲಿದ್ದೆ, ಬಂದೆ’ ಎಂದು ಬಿಲ್ ಪುಸ್ತಕ ಹಿಡಿದು ಬರುವವರು, ನಿಧಾನವಾಗುವ ಪೋರ್ಟಲ್, ಮಳೆಗಾಲದಲ್ಲಿ ಹೋಗಿ ಬರುವ ಕರೆಂಟು ಇವೆಲ್ಲ ಕಳೆದು ಒಬ್ಬರು ಕೂತು ಫೈಲ್ ಮುಗಿಸುವ ಹೊತ್ತು ಐದೂವರೆ ಗಂಟೆ ಇದ್ದರೆ ಚೆನ್ನಾಗಿದೆ ಎನ್ನಬೇಕು. ಮುಂದಿನ ಲೆಕ್ಕಕ್ಕೆ ಅದನ್ನೇ ಹಿಡಿಯುತ್ತೇನೆ. ನೀವು ಎರಡು ವಾರ ಅಳೆದು ನಿಮ್ಮದೇ ಅಂಕಿ ಹಾಕಿಕೊಳ್ಳಿ. ಅಳೆಯುವುದು ಯಾರ ಮೇಲೂ ಕಣ್ಣಿಡಲು ಅಲ್ಲ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಎಲ್ಲರೂ ಎಂಟೆಂದೇ ಬರೆದುಕೊಡುತ್ತಾರೆ.

ಆದರೆ ತಿಂಗಳ ಒಟ್ಟು ಲೆಕ್ಕ ನಿಮಗೆ ಎಂದೂ ಪೂರ್ತಿ ಸತ್ಯ ಹೇಳುವುದಿಲ್ಲ. ಏಕೆಂದರೆ ನಿಮ್ಮ ಕೆಲಸ ತಿಂಗಳಿಗೆ ಸಮವಾಗಿ ಹರಡಿಲ್ಲ. 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ, ಅಂದರೆ 3ಬಿ. 3ಬಿಗೆ ಬೇಕಾದ 2ಬಿ ಪಟ್ಟಿ (ಖರೀದಿಯ ಮೇಲೆ ಸಿಗುವ ತೆರಿಗೆ ಕ್ರೆಡಿಟ್‌ನ ವಿವರ) ಪೋರ್ಟಲ್‌ನಲ್ಲಿ ಸಿದ್ಧವಾಗುವುದು 14ಕ್ಕೆ. ಹಾಗಾಗಿ 3ಬಿಗೆ ನಿಮಗಿರುವುದು 15ರಿಂದ 20ರವರೆಗಿನ ಆರು ದಿನ, ನಡುವೆ ಭಾನುವಾರ ಬಂದರೆ ಐದು. ತಿಂಗಳ ಉಳಿದ ದಿನಗಳಲ್ಲಿ ನೀವು ಎಷ್ಟು ಬಿಡುವಾಗಿದ್ದಿರಿ ಎಂಬುದು ಈ ಐದು ದಿನಗಳ ಸಹಾಯಕ್ಕೆ ಬರುವುದಿಲ್ಲ.

ಈ ಐದು ದಿನಗಳನ್ನೇ ಬಿಡಿಸಿ ನೋಡೋಣ. ಏಳು ಜನ, ಐದು ದಿನ, ಐದೂವರೆ ಗಂಟೆ: ಸುಮಾರು 192 ಗಂಟೆ. ಕೆಲಸ ಎಷ್ಟು? ನಿಲ್ ರಿಟರ್ನ್‌ಗೆ ಹತ್ತು ನಿಮಿಷದಂತೆ 50ಕ್ಕೆ ಎಂಟು ಗಂಟೆ. ಸಾಧಾರಣದ್ದು ಒಂದು ಗಂಟೆಯಂತೆ 90. ದೊಡ್ಡದು ಎರಡೂವರೆಯಂತೆ 40ಕ್ಕೆ ನೂರು ಗಂಟೆ. ಒಟ್ಟು 198. ಏಳೂ ಜನ ಐದೂ ದಿನ ಬಂದರೂ ಆರು ಗಂಟೆ ಕಡಿಮೆ. ಒಬ್ಬರು ವಾರವಿಡೀ ಇಲ್ಲದಿದ್ದರೆ 165 ಗಂಟೆ ಉಳಿಯುತ್ತದೆ, ಕೊರತೆ 33. ನೀವು ರಾತ್ರಿ ಹತ್ತರವರೆಗೆ ಕೂರುವುದು ಈ 33 ಗಂಟೆಯನ್ನೇ. 2025ರ ದೀಪಾವಳಿಯಲ್ಲಿ ಏನಾಯಿತೆಂದೂ ನೋಡಿ. ಅಕ್ಟೋಬರ್ 19 ಭಾನುವಾರ, 20 ನರಕ ಚತುರ್ದಶಿ. ಕೆಲಸದ ದಿನ ಉಳಿದದ್ದೇ ನಾಲ್ಕು: 15, 16, 17, 18. ಅಂದರೆ 154 ಗಂಟೆ. ಕೊನೆಯ ದಿನ ಮೂವರು ಇಲ್ಲ, 137. ಕೆಲಸ 198. ಮೂರರಲ್ಲಿ ಒಂದು ಪಾಲು ಕೊರತೆ ಯಾರೂ ರಜೆ ಚೀಟಿ ಕೊಡುವ ಮುನ್ನವೇ ಬಹುಪಾಲು ಕ್ಯಾಲೆಂಡರಿನಲ್ಲಿ ಇತ್ತು. ಆ ಸಲ ಹಬ್ಬದ ಹೊಸ್ತಿಲಲ್ಲಿ ಕೇಂದ್ರ ಸರ್ಕಾರ ಗಡುವನ್ನು 25ಕ್ಕೆ ಮುಂದೂಡಿತು, ನೀವು ಉಸಿರಾಡಿದಿರಿ. ಅದೇ ವರ್ಷ ಆದಾಯ ತೆರಿಗೆ ರಿಟರ್ನ್ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಮತ್ತೊಂದು ದಿನ ಮುಂದಕ್ಕೆ 16ಕ್ಕೆ ಹೋಯಿತು. ವಿಸ್ತರಣೆ ಬಂದರೆ ಬರಲಿ. ಯೋಜನೆಯಲ್ಲಿ ಅದಕ್ಕೆ ಒಂದು ಗಂಟೆಯ ಬೆಲೆಯನ್ನೂ ಕೊಡಬೇಡಿ.

ಊರಿಗೆ ಹೋದ ನಾಲ್ವರ ಮೇಲೆ ನಿಮಗೆ ಬೇಸರ ಇರುವುದು ಪತ್ರದಲ್ಲೇ ಕಾಣುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ದೀಪಾವಳಿ ದೊಡ್ಡಹಬ್ಬ. ಬೂರೆ ನೀರು ತುಂಬುವುದು, ಗೋಪೂಜೆ, ರಾತ್ರಿಯೆಲ್ಲ ಮನೆ ಮನೆಗೆ ದೀಪ ಒಯ್ಯುವ ಅಂಟಿಗೆ ಪಂಟಿಗೆ. ಅದಕ್ಕೆ ಊರಲ್ಲಿ ಇರಲೇಬೇಕು. ಅವರು ಇರುವುದಿಲ್ಲ ಎಂಬುದು ವರ್ಷದ ಮೊದಲ ದಿನವೇ ಗೊತ್ತಿದ್ದ ಸಂಗತಿ.

ಶೇಕಡಾ ಎಷ್ಟು ಕಳೆಯಬೇಕು ಎಂಬ ನಿಮ್ಮ ಪ್ರಶ್ನೆಗೆ ಈಗ ಬರುತ್ತೇನೆ. ಕಚೇರಿ ತೆರೆದ 303 ದಿನಗಳಲ್ಲಿ ಒಬ್ಬರು 27 ದಿನ ಇರುವುದಿಲ್ಲ. ಮನೆಯ ತುರ್ತು, ಅರ್ಧ ದಿನದ ರಜೆಗಳನ್ನೂ ಸೇರಿಸಿದರೆ ಸುಮಾರು ಹತ್ತಕ್ಕೊಂದು ದಿನ. ಒಬ್ಬೊಬ್ಬರ ರಜೆಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ ಎಂದುಕೊಂಡರೆ ಒಂಬತ್ತೂ ಜನ ಹಾಜರಿರುವ ದಿನಗಳು ನೂರಕ್ಕೆ 39 ಮಾತ್ರ. ಒಬ್ಬರು ಇಲ್ಲದ ದಿನಗಳೂ ಹೆಚ್ಚು ಕಡಿಮೆ ಅಷ್ಟೇ, 39. ಇಬ್ಬರು ಅಥವಾ ಹೆಚ್ಚು ಜನ ಇಲ್ಲದ ದಿನಗಳು 22. ಮೂವರು ಅಥವಾ ಹೆಚ್ಚು ಜನ ಇಲ್ಲದ್ದು ಐದು. ಹಾಗಾಗಿ ‘ಇವತ್ತು ಎಲ್ಲರೂ ಇದ್ದಾರೆ’ ಎಂಬುದು ನಿಮ್ಮ ಕಚೇರಿಯಲ್ಲಿ ವಾರಕ್ಕೆ ಎರಡೋ ಮೂರೋ ದಿನದ ಮಾತು. ಒಂಬತ್ತರಲ್ಲಿ ಸಾಮಾನ್ಯ ದಿನಕ್ಕೆ ಎಂಟು ಜನರ ಲೆಕ್ಕ, ಡ್ಯೂ ಡೇಟ್ ವಾರಕ್ಕೆ ಏಳು ಜನರ ಲೆಕ್ಕ ಹಿಡಿಯಿರಿ. ಶೇಕಡಾ ಹತ್ತು ಕಳೆದೆ, ಸಾಕು ಎಂದು ಕೂರಬೇಡಿ.

ಏಕೆ ಸಾಲದು ಎಂದರೆ, ಮಲೆನಾಡಿನಲ್ಲಿ ರಜೆಗಳಿಗೆ ಪರಸ್ಪರ ಸಂಬಂಧವಿದೆ. ಅವು ಒಂದೊಂದಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಬೆಂಗಳೂರಿನ ದೊಡ್ಡ ಕಚೇರಿಗೆ ಬರೆದ ಸೂತ್ರ ಇಲ್ಲಿ ಸೋಲುವುದು ಇದೇ ಕಾರಣಕ್ಕೆ. ಅಲ್ಲಿ ಸಿಬ್ಬಂದಿ ಹತ್ತು ರಾಜ್ಯಗಳಿಂದ ಬಂದವರು, ಅವರ ಹಬ್ಬ ಒಂದು ವಾರ, ಇವರದು ಇನ್ನೊಂದು ವಾರ. ನಿಮ್ಮಲ್ಲಿ ಐದು ಜನರ ಊರುಗಳು ಅರವತ್ತು ಕಿಲೋಮೀಟರಿನ ಒಳಗೇ ಇರಬಹುದು. ಅವರ ತೋಟಕ್ಕೆ ಒಂದೇ ಮಳೆ, ಮನೆಗೆ ಒಂದೇ ಹಬ್ಬ, ನೆಂಟರೂ ಅವರೇ.

ಕೊನೆ ಕೊಯ್ಲನ್ನೇ, ಅಂದರೆ ಅಡಿಕೆ ಗೊನೆ ಕೊಯ್ಯುವುದನ್ನೇ ತೆಗೆದುಕೊಳ್ಳಿ. ಅಕ್ಟೋಬರಿನಿಂದ ಜನವರಿ ದಾಟುವವರೆಗೆ ಅಡಿಕೆ ಮನೆಗಳಲ್ಲಿ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ನಡೆದೇ ಇರುತ್ತದೆ. ದಿನ ಗೊತ್ತು ಮಾಡುವವರು ಮನೆಯವರಲ್ಲ, ಕೊನೆಗೌಡರು. ಮರ ಹತ್ತಬಲ್ಲವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಅವರು ‘ನಾಡಿದ್ದು ಬರ್ತೀನಿ’ ಎಂದರೆ ಮನೆಯ ಮಗ ನಾಡಿದ್ದು ತೋಟದಲ್ಲಿರಬೇಕು. ನಿಮ್ಮ ಹುಡುಗ ಹಿಂದಿನ ದಿನ ಸಂಜೆ ಬಂದು ರಜೆ ಕೇಳುವುದರಲ್ಲಿ ಬೇಜವಾಬ್ದಾರಿ ಏನೂ ಇಲ್ಲ. ಅವನಿಗೆ ತಿಳಿದದ್ದೇ ಆಗ. ಜುಲೈ ಇನ್ನೂ ಕಷ್ಟ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸುತ್ತು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40–45 ದಿನ ಬಿಟ್ಟು. ಅದು ಬಂದು ನಿಲ್ಲುವುದು ಜುಲೈ ನಡುವಿನ ಜಡಿ ಮಳೆಯಲ್ಲಿ. ಮಳೆ ಹೊಳವಾದ (ಬಿಡುವು ಕೊಟ್ಟ) ದಿನವೇ ಔಷಧಿ ಹೊಡೆಯಬೇಕು, ಬಿಟ್ಟರೆ ಕಾಯಿ ಉದುರುತ್ತದೆ. ಅದೇ ಜುಲೈನಲ್ಲಿ ನಿಮಗೆ 20ರ 3ಬಿ, 22ರ ತ್ರೈಮಾಸಿಕ 3ಬಿ, 31ರ ಸಂಬಳದಾರರ ರಿಟರ್ನ್, 31ರದೇ ಟಿಡಿಎಸ್ ಸ್ಟೇಟ್‌ಮೆಂಟ್. ಮಳೆ ಹೆಚ್ಚಾದ ದಿನ ಶಾಲೆಗೆ ರಜೆ ಘೋಷಣೆಯಾದರೆ ಚಿಕ್ಕ ಮಕ್ಕಳ ತಾಯಂದಿರೂ ಅಂದು ಬರುವುದು ಅನುಮಾನ. ನಿಮ್ಮ ಕಚೇರಿಗೆ ವರ್ಷದ ಅತ್ಯಂತ ಅಪಾಯದ ತಿಂಗಳು ಅಕ್ಟೋಬರ್ ಅಲ್ಲ, ಜುಲೈ ಎಂದು ನನ್ನ ಅಭಿಪ್ರಾಯ. ಅಕ್ಟೋಬರಿನ ಹಬ್ಬಕ್ಕೆ ತಾರೀಕು ಇದೆ, ಹೊಳವಿಗೆ ತಾರೀಕಿಲ್ಲ.

ಜಾತ್ರೆಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಶಿರಸಿಯದೂ ಹಾಗೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಕಳೆದ ವರ್ಷದ ಹಾಜರಿ ಪುಸ್ತಕ ನೋಡಿ ಈ ವರ್ಷದ ಫೆಬ್ರುವರಿ–ಮಾರ್ಚ್ ಊಹಿಸಿದರೆ ಎಡವುತ್ತೀರಿ. ಎರಡು ವರ್ಷದ ಜಾತ್ರೆಯೂ ಮೂರು ವರ್ಷದ್ದೂ ಒಂದೇ ವರ್ಷ ಕೂಡುವುದು ಆರು ವರ್ಷಕ್ಕೊಮ್ಮೆ. ಆ ವರ್ಷ ಆರ್ಥಿಕ ವರ್ಷದ ಕೊನೆಯ ಕೆಲಸದ ಜೊತೆಗೇ ಊರೂರಲ್ಲಿ ನೆಂಟರು ತುಂಬಿರುತ್ತಾರೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮಾತ್ರ ಪ್ರತಿ ವರ್ಷ. ಅದು ಡಿಸೆಂಬರ್ ಕೊನೆಗೆ ಬಿದ್ದರೆ 31ರ ಜಿಎಸ್‌ಟಿ ವಾರ್ಷಿಕ ರಿಟರ್ನ್‌ಗೆ ಸರಿಯಾಗಿ ತಾಗುತ್ತದೆ.

ಇಷ್ಟು ತಿಳಿದ ಮೇಲೆ ರಜೆ ನಿಷೇಧಿಸಲೇ ಎಂಬ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ: ಬೇಡ. ನಿಷೇಧಿಸಿದ ರಜೆ ನಿಲ್ಲುವುದಿಲ್ಲ, ವೇಷ ಬದಲಿಸುತ್ತದೆ. ಹದಿನೈದು ದಿನ ಮುಂಚೆ ಚೀಟಿಯಲ್ಲಿ ಬರಬೇಕಿದ್ದ ರಜೆ ಅಂದೇ ಬೆಳಿಗ್ಗೆ ಎಂಟಕ್ಕೆ ‘ಮೇಡಂ, ರಾತ್ರಿಯಿಂದ ಜ್ವರ’ ಎಂದು ಫೋನಿನಲ್ಲಿ ಬರುತ್ತದೆ. ಗೊತ್ತಿದ್ದ ಗೈರುಹಾಜರಿ ಗೊತ್ತಿಲ್ಲದ ಗೈರುಹಾಜರಿ ಆಗಿಬಿಟ್ಟಿತು. ಯೋಜನೆ ಮಾಡುವವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಒಬ್ಬರು ಇಲ್ಲದಿರುವುದನ್ನು ಹೇಗಾದರೂ ತೂಗಿಸಬಹುದು, ಇಲ್ಲದಿರುವುದು ಬೆಳಿಗ್ಗೆ ಗೊತ್ತಾಗುವುದನ್ನು ತೂಗಿಸುವುದು ಬಹಳ ಕಷ್ಟ. ನಿಮಗೆ ಬೇಕಾದದ್ದು ಕಡಿಮೆ ರಜೆಯಲ್ಲ, ಬೇಗ ತಿಳಿಯುವ ರಜೆ. ಅದು ಸಿಗುವುದು ರಜೆ ಕೇಳಿದವರ ಮುಖ ನೋಡಿ ನಿಟ್ಟುಸಿರು ಬಿಡದ ಕಚೇರಿಯಲ್ಲಿ ಮಾತ್ರ.

ಯುಗಾದಿಗೆ ಹೊಸ ಪಂಚಾಂಗ ಬಂದ ವಾರ ಎಲ್ಲರನ್ನೂ ಒಂದು ಗಂಟೆ ಕೂರಿಸಿ. ಗೋಡೆಗೆ ವರ್ಷದ ಹಾಳೆ ಹಚ್ಚಿ, ಮೊದಲು ಡ್ಯೂ ಡೇಟುಗಳನ್ನು ಕೆಂಪಿನಲ್ಲಿ ಬರೆಯಿರಿ. ಆಮೇಲೆ ಒಬ್ಬೊಬ್ಬರೇ ತಮ್ಮ ಊರಿನ ಹಬ್ಬ, ಜಾತ್ರೆ, ಮನೆಯ ಮದುವೆ ಹೇಳಲಿ. ಅವು ಖಚಿತ ರಜೆ, ಹೆಸರು ಬರೆದುಬಿಡಿ. ಕೊಯ್ಲು, ನಾಟಿ, ಔಷಧಿ ಇಂಥವಕ್ಕೆ ದಿನ ಗೊತ್ತಿರುವುದಿಲ್ಲ, ಆದರೆ ಯಾವ ತಿಂಗಳು, ಎಷ್ಟು ದಿನ ಎಂಬುದು ಗೊತ್ತು. ‘ನವೆಂಬರಿನಲ್ಲಿ ನಾಲ್ಕು ದಿನ’ ಎಂದು ಪೆನ್ಸಿಲಿನಲ್ಲಿ ಬರೆದರೂ ಸಾಕು, ಆ ನಾಲ್ಕು ದಿನದ ಗಂಟೆಗಳನ್ನು ನವೆಂಬರಿನ ಲೆಕ್ಕದಿಂದ ಈಗಲೇ ಕಳೆಯಬಹುದು. ಕಾಯಿಲೆ, ಸಾವು ನೋವು ಮೂರನೆಯ ಬಗೆ. ಅದಕ್ಕೆ ಹೆಸರಿಲ್ಲ, ಒಬ್ಬರ ಜಾಗ ಖಾಲಿ ಬಿಡುವುದೇ ದಾರಿ. 2026ರ ಹಾಳೆಯಲ್ಲಿ ಹೀಗೆ ಬರೆಯುತ್ತಾ ಹೋದರೆ ಸೆಪ್ಟೆಂಬರ್ 14ರ ಗಣೇಶ ಚತುರ್ಥಿ 2ಬಿ ಬರುವ ದಿನವೇ ಇರುವುದು, ಆಯುಧಪೂಜೆ ಮತ್ತು ವಿಜಯದಶಮಿ ಅಕ್ಟೋಬರ್ 20ರ ಸುತ್ತಲೇ ಬರುವುದು ಆ ಒಂದು ಗಂಟೆಯಲ್ಲೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಂಡ ಮೇಲೆ ‘ಹಾಗಾದರೆ ನಾನು ಆ ವಾರ ಇರ್ತೀನಿ, ಜಾತ್ರೆಗೆ ಬಿಡಿ’ ಎಂಬ ಮಾತು ಸಿಬ್ಬಂದಿಯಿಂದಲೇ ಬರುತ್ತದೆ.

ಡ್ಯೂ ಡೇಟ್ ವಾರದಲ್ಲಿ ಜಿಎಸ್‌ಟಿಯ ಏಳರಲ್ಲಿ ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಖಚಿತ ರಜೆ ಹಾಕುವಂತಿಲ್ಲ ಎಂಬ ಒಂದು ನಿಯಮ ಇರಲಿ. ಮೊದಲು ಕೇಳಿದವರಿಗೆ ಮೊದಲು ಎಂದು ಮಾಡಬೇಡಿ, ಧೈರ್ಯಸ್ಥರೇ ಪ್ರತಿ ಸಲ ಗೆಲ್ಲುತ್ತಾರೆ. ಈ ವರ್ಷ ದೀಪಾವಳಿಗೆ ಉಳಿದವರಿಗೆ ಮುಂದಿನ ವರ್ಷ ಮೊದಲ ಹಕ್ಕು, ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಪ್ರತಿ ವರ್ಷದ್ದಕ್ಕಿಂತ ಆದ್ಯತೆ. ನಿಮ್ಮಲ್ಲಿ ಮುಸ್ಲಿಂ, ಕ್ರೈಸ್ತ ಸಿಬ್ಬಂದಿ ಇದ್ದರೆ ದೀಪಾವಳಿ ವಾರ ಅವರು ಹೊರುತ್ತಾರೆ ಎಂದು ನೀವೇ ತೀರ್ಮಾನಿಸಬೇಡಿ. ಕೇಳಿ. ಒಪ್ಪಿದರೆ ರಂಜಾನಿಗೋ ಕ್ರಿಸ್‌ಮಸ್ಸಿಗೋ ಅಷ್ಟೇ ದಿನವನ್ನು ಅವರು ಕೇಳುವ ಮೊದಲೇ ಹಾಳೆಯಲ್ಲಿ ಬರೆದಿಡಿ.

ಈಗ ಕೆಲಸದ ಕಡೆ. ಆಳು ಹೆಚ್ಚಿಸುವ ಮೊದಲು ಆ ಐದು ದಿನಗಳ ಮೇಲಿನ ಭಾರ ಇಳಿಸಿ. 50 ನಿಲ್ ರಿಟರ್ನ್‌ಗಳು 15ರವರೆಗೆ ಕಾಯಬೇಕಿಲ್ಲ, ತಿಂಗಳ ಮೊದಲ ವಾರದಲ್ಲೇ ಮುಗಿಸಬಹುದು, ಎಸ್ಎಂಎಸ್ ಮೂಲಕವೂ ಆಗುತ್ತದೆ. ಹೋಯಿತು ಎಂಟು ಗಂಟೆ. 40 ದೊಡ್ಡ ಲೆಕ್ಕಗಳಲ್ಲಿ ಖರೀದಿ ಬಿಲ್‌ಗಳ ಎಂಟ್ರಿ, ಬ್ಯಾಂಕ್ ತಾಳೆ ಇವು 2ಬಿಗೆ ಕಾಯುವ ಕೆಲಸವಲ್ಲ. ಒಂದೊಂದರಿಂದ ಒಂದು ಗಂಟೆಯಷ್ಟನ್ನು 12ರಿಂದ 14ರ ಒಳಗೆ ಮುಗಿಸಿದರೆ 40 ಗಂಟೆ ಇಳಿಯಿತು. 198 ಈಗ 150. ಏಳೂ ಜನ ಇದ್ದರೆ 192 ಗಂಟೆಗೆ 150, ಸುಮಾರು ಶೇಕಡಾ 78. ಒಬ್ಬರು ವಾರವಿಡೀ ಇಲ್ಲದಿದ್ದರೂ 165ಕ್ಕೆ 150. ಎಂಟರೊಳಗೆ ಎಲ್ಲರೂ ಮನೆ ಸೇರಬಹುದು. ಇಬ್ಬರು ಇಲ್ಲದಿದ್ದರೆ 137, ಆಗ 13 ಗಂಟೆ ಸಾಲದು.

ಆ 13 ಗಂಟೆಗೆ ತ್ರೈಮಾಸಿಕ ರಿಟರ್ನ್ ಯೋಜನೆ ನೋಡಿ. ವಾರ್ಷಿಕ ವಹಿವಾಟು ಐದು ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ 3ಬಿ ಸಲ್ಲಿಸಬಹುದು, ಕರ್ನಾಟಕದವರಿಗೆ ಗಡುವು 22. ಸಾಧಾರಣದ 90ರಲ್ಲಿ 20 ಜನ ಬದಲಾದರೂ ಎರಡು ತಿಂಗಳು 20 ಗಂಟೆ ಕಡಿಮೆ, 130 ಗಂಟೆಯ ಕೆಲಸ 137ರೊಳಗೆ ಬಂತು. ಆದರೆ ಎಲ್ಲರನ್ನೂ ಅದಕ್ಕೆ ತಳ್ಳಬೇಡಿ. ಮಂಡಿಯವರಿಗೆ ಸರಕು ಮಾರುವವರಾದರೆ ಖರೀದಿದಾರರು ಪ್ರತಿ ತಿಂಗಳು ಕ್ರೆಡಿಟ್ ಕೇಳುತ್ತಾರೆ, ಇನ್‌ವಾಯ್ಸ್‌ಗಳನ್ನು 13ರೊಳಗೆ ಹಾಕುವ ಕೆಲಸ ಉಳಿದೇ ಉಳಿಯುತ್ತದೆ. ತೆರಿಗೆಯನ್ನು ಮಾತ್ರ ಮೊದಲೆರಡು ತಿಂಗಳೂ 25ರೊಳಗೆ ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ತ್ರೈಮಾಸಿಕದ ಭಾರ ಬಂದು ಬೀಳುವುದು ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್‌ಗೆ. ಅವುಗಳಲ್ಲಿ ಜುಲೈ, ಅಕ್ಟೋಬರ್ ಎರಡೂ ನಿಮ್ಮಲ್ಲಿ ಜನ ಇಲ್ಲದ ತಿಂಗಳು. ಇಪ್ಪತ್ತಕ್ಕೆ ನಿಲ್ಲಿಸಿ.

ಶೇಕಡಾ 78 ಎಂದಾಗ ‘ಉಳಿದ 22 ಸುಮ್ಮನೆ ಹೋಗುತ್ತದಲ್ಲ’ ಎಂದು ಅನಿಸಬಹುದು. ಹೋಗುವುದಿಲ್ಲ. ಸರತಿ ಸಾಲಿನ ಗಣಿತದಲ್ಲಿ ಒಂದು ಸರಳ ಸೂತ್ರವಿದೆ: ಕೆಲಸಗಾರರ ಸಮಯದ 80 ಭಾಗ ತುಂಬಿದ್ದರೆ ಹೊಸದಾಗಿ ಬಂದ ಫೈಲ್ ಕಾಯುವ ಹೊತ್ತು, ಆ ಫೈಲ್ ಮಾಡಲು ಬೇಕಾದ ಹೊತ್ತಿನ ನಾಲ್ಕು ಪಟ್ಟು. 90 ತುಂಬಿದರೆ ಒಂಬತ್ತು ಪಟ್ಟು. 95ಕ್ಕೆ ಹತ್ತೊಂಬತ್ತು ಪಟ್ಟು. ಇದು ಒಬ್ಬರೇ ಮಾಡುವ ಕೆಲಸದ ಲೆಕ್ಕ. ಹಲವರು ಹಂಚಿಕೊಂಡರೆ ಕಾಯುವುದು ಇಷ್ಟಿರುವುದಿಲ್ಲ, ಆದರೆ ಏರುವ ರೀತಿ ಅದೇ. ಭದ್ರಾ ಜಲಾಶಯ ತುಂಬಿ ಅಂಚಿಗೆ ಬಂದಾಗ ಒಂದು ದಿನದ ಮಳೆಗೂ ಗೇಟು ತೆರೆಯಬೇಕಾಗುತ್ತದಲ್ಲ, ಪೂರ್ತಿ ತುಂಬಿದ ತಂಡವೂ ಹಾಗೆಯೇ. ಒಬ್ಬರ ಒಂದು ದಿನದ ರಜೆಯನ್ನು ಹಿಡಿದಿಟ್ಟುಕೊಳ್ಳಲು ಅದರಲ್ಲಿ ಜಾಗವಿಲ್ಲ. 80ರಿಂದ 85ರ ಒಳಗೆ ಕೆಲಸ ಒಪ್ಪಿಕೊಳ್ಳಿ.

ತಲೆ ಎಣಿಸುವುದಕ್ಕಿಂತ ಕೌಶಲ ಎಣಿಸುವುದು ಮುಖ್ಯ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಒಂದು ಹಾಳೆಯಲ್ಲಿ ಎಡಕ್ಕೆ ಹೆಸರು, ಮೇಲೆ ಕೆಲಸ: ಜಿಎಸ್‌ಟಿಆರ್-1, 2ಬಿ ತಾಳೆ, ಟಿಡಿಎಸ್, ಪಿಎಫ್, ಆಡಿಟ್ ಸಿದ್ಧತೆ, ನೋಟಿಸಿಗೆ ಉತ್ತರ, ಮಂಡಿ ಲೆಕ್ಕ. ಯಾರ ಸಹಾಯವೂ ಇಲ್ಲದೆ ಮಾಡಬಲ್ಲವರಿಗೆ ಗುರುತು ಹಾಕಿ. ಒಂದೇ ಗುರುತು ಇರುವ ಕಂಬಸಾಲುಗಳೇ ನಿಮ್ಮ ನಿಜವಾದ ಅಪಾಯ. ಎಂಟು ಜನ ಇದ್ದೂ ಆ ಒಬ್ಬರಿಲ್ಲದ ದಿನ ಆ ಕೆಲಸದ ಸಾಮರ್ಥ್ಯ ಸೊನ್ನೆ. ಮನುಷ್ಯರಲ್ಲದ ಒಂಟಿ ಕೊಂಡಿಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಡಿಜಿಟಲ್ ಸಹಿಯ ಟೋಕನ್‌ಗಳು ಯಾರ ಡ್ರಾಯರಿನಲ್ಲಿವೆ? ಬೀಗದ ಕೈ ಯಾರ ಬಳಿ? ಎಷ್ಟು ಕ್ಲೈಂಟ್‌ಗಳ ನೋಂದಣಿಯಲ್ಲಿ ನಿಮ್ಮ ಸಿಬ್ಬಂದಿಯ ಸ್ವಂತ ಮೊಬೈಲ್ ನಂಬರ್ ಇದೆ? ಆ ಹುಡುಗಿ ಆಗುಂಬೆ ಕಡೆಯ ಊರಲ್ಲಿ ಮನೆಯೊಳಗೆ ಸಿಗ್ನಲ್ ಸಿಗದೆ ದಿಬ್ಬ ಹತ್ತಿ ನಿಂತು ‘ಈಗ ಬಂತು, ಬರ್ಕೊಳ್ಳಿ’ ಎಂದು ಒಟಿಪಿ ಓದುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ರಿಟರ್ನ್ ಸಿದ್ಧವಿದೆ, ಮಾಡಿದವರು ಕೂತಿದ್ದಾರೆ, ಆದರೂ ಫೈಲ್ ಆಗುವುದಿಲ್ಲ. ನಂಬರ್ ಕ್ಲೈಂಟಿನದೇ ಇರಲಿ. ಅವರೂ ತೋಟದ ಮನೆಯವರಾದರೆ ಯಾವ ದಿನ ಎಷ್ಟು ಹೊತ್ತಿಗೆ ಫೋನ್ ಹತ್ತಿರ ಇರಬೇಕೆಂದು ಮುಂಚೆಯೇ ಹೇಳಿ ಒಪ್ಪಿಸಿ.

ಎಷ್ಟೇ ಮಾಡಿದರೂ ಕೆಲವು ತಿಂಗಳು ಕೈ ಸಾಲುವುದಿಲ್ಲ. ಆಗ ಏನನ್ನು ಹಿಂದೆ ಬಿಡಬೇಕೆಂಬ ಕ್ರಮ ಮೊದಲೇ ಬರೆದಿರಬೇಕು, 19ರ ರಾತ್ರಿ ದಣಿದ ತಲೆಯಲ್ಲಿ ತೀರ್ಮಾನಿಸುವ ವಿಷಯವಲ್ಲ ಅದು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ನಿಲ್ ಆದರೆ 20. ಆದರೆ ನಗದಾಗಿ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ. ಹಾಗಾಗಿ ದೊಡ್ಡ ಮೊತ್ತ ನಗದಾಗಿ ಕಟ್ಟುವವರು ಮೊದಲು, ಪೂರ್ತಿ ಕ್ರೆಡಿಟ್‌ನಲ್ಲೇ ಹೊಂದಾಣಿಕೆ ಆಗುವವರು ಆಮೇಲೆ. 11ರ ವಾರ ಕಷ್ಟವಾದರೆ ಇದೇ ಪ್ರಶ್ನೆಯನ್ನು ಬೇರೆ ರೀತಿ ಕೇಳಿ: ಯಾರ ಜಿಎಸ್‌ಟಿಆರ್-1 ತಪ್ಪಿದರೆ ಅವರ ಗ್ರಾಹಕರ ಕ್ರೆಡಿಟ್ ನಿಲ್ಲುತ್ತದೆ? ಅವರದು ಮೊದಲು. ಬಿಲ್‌ಗಳನ್ನು ಪ್ರತಿ ತಿಂಗಳು 10ಕ್ಕೆ ತಂದು ಸುರಿಯುವವರಿಗೆ 5ನೇ ತಾರೀಕಿನ ಗಡುವು ಹೇಳಿ, ಆಮೇಲೆ ತಂದವರದು ಸಾಲಿನ ಕೊನೆಗೆ ಎಂದು ನಯವಾಗಿ ಆದರೆ ಸ್ಪಷ್ಟವಾಗಿ ತಿಳಿಸಿ. ಸಿಬ್ಬಂದಿಯ ಹಬ್ಬದ ರಾತ್ರಿಯನ್ನು ಕ್ಲೈಂಟಿನ ಮರೆವಿಗೆ ಕೊಡುವುದು ನ್ಯಾಯವಲ್ಲ.

ಇನ್ನೊಬ್ಬರನ್ನು ಸೇರಿಸಿಕೊಳ್ಳಲೇ ಎಂದಿರಿ. ಪೂರ್ಣಾವಧಿಗೆ ಈಗ ಬೇಡ. ನಿಮ್ಮ ಕೊರತೆ ತಿಂಗಳಿಡೀ ಇಲ್ಲ, 10ರಿಂದ 20ರವರೆಗೆ ಇದೆ. ಆ ಹತ್ತು ದಿನ ಎಂಟ್ರಿ, ಬ್ಯಾಂಕ್ ತಾಳೆ ಮಾಡಲು ಬರುವ ಒಬ್ಬರು ಸಾಕು. ನಿವೃತ್ತ ಬ್ಯಾಂಕ್ ನೌಕರರಿದ್ದರೆ ಬಹಳ ಒಳ್ಳೆಯದು. ಬಿ.ಕಾಂ. ವಿದ್ಯಾರ್ಥಿಗಳಾದರೆ ಕುವೆಂಪು ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿಯನ್ನೂ ಗೋಡೆಯ ಹಾಳೆಗೆ ಸೇರಿಸಿ. ಯಾರೇ ಆಗಲಿ, ಅಕ್ಟೋಬರಿಗೆ ಬೇಕಾದವರನ್ನು ಮೇ ತಿಂಗಳಲ್ಲಿ ಕರೆತನ್ನಿ. ಕಲಿಸುವವರು ನಿಮ್ಮ ಅನುಭವಿಗಳೇ, ಕಲಿಸುವ ಹೊತ್ತು ಅವರ ಐದೂವರೆ ಗಂಟೆಯಿಂದಲೇ ಹೋಗುತ್ತದೆ. ಹಬ್ಬದ ವಾರದಲ್ಲಿ ಹೊಸಬರನ್ನು ಕೂರಿಸಿದರೆ ಆ ವಾರ ಸಾಮರ್ಥ್ಯ ಇನ್ನೂ ಇಳಿಯುತ್ತದೆ.

ಹೆರಿಗೆ ರಜೆ. ನಿಮಗೆ ಇದು ಎಲ್ಲಕ್ಕಿಂತ ದೊಡ್ಡ ಭಯ ಎನಿಸಿದೆ, ಯೋಜನೆಯ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಸುಲಭ, ಏಕೆಂದರೆ ಐದು ತಿಂಗಳ ಮುನ್ಸೂಚನೆ ಇದೆ. ಮೊದಲೆರಡು ಮಕ್ಕಳಿಗೆ ವೇತನಸಹಿತ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ತೆಗೆದುಕೊಳ್ಳಬಹುದು. ಆರು ದಿನದ ವಾರಕ್ಕೆ ಅದು 156 ದಿನ, ವರ್ಷದ ಅವರ ದುಡಿಮೆಯ ಅರ್ಧಕ್ಕಿಂತ ಹೆಚ್ಚು. ಕಾನೂನು ಕಡ್ಡಾಯ ಮಾಡುವುದು ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ. ನಿಮ್ಮಲ್ಲಿ ಒಂಬತ್ತು ಎಂಬ ಕಾರಣಕ್ಕೆ ಕೈಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಟಿಡಿಎಸ್ ಪೂರ್ತಿ ಬಲ್ಲವರು ಇಡೀ ಕಚೇರಿಗೆ ಒಬ್ಬರೇ ಎಂದು ನೀವೇ ಬರೆದಿದ್ದೀರಿ, ಅವರು ಮರಳಿ ಬರುವಂತೆ ನೋಡಿಕೊಳ್ಳುವುದು ನಿಮ್ಮ ಹಿತವೂ ಹೌದು. ಈ ತಿಂಗಳಿಂದಲೇ ಒಬ್ಬರನ್ನು ಅವರ ಪಕ್ಕ ಕೂರಿಸಿ. ಮುಂದೆ ಬರುವ ತ್ರೈಮಾಸಿಕ ಸ್ಟೇಟ್‌ಮೆಂಟ್ ಅವರು ಮಾಡಲಿ, ಇವರು ನೋಡಲಿ. ಅದರ ಮುಂದಿನದು ಇವರು ಮಾಡಲಿ, ಅವರು ನೋಡಲಿ. ಐದು ತಿಂಗಳಲ್ಲಿ ಎರಡು ಸ್ಟೇಟ್‌ಮೆಂಟ್ ಸಿಕ್ಕರೆ ಅದೃಷ್ಟ, ಒಂದೇ ಸಿಗುವಂತಿದ್ದರೆ ಹಳೆಯ ತ್ರೈಮಾಸಿಕದ ದತ್ತಾಂಶವನ್ನೇ ಕೊಟ್ಟು ಮತ್ತೊಮ್ಮೆ ಮಾಡಿಸಿ. ತಿಂಗಳ ಪಾವತಿ 7ನೇ ತಾರೀಕಿನದು ಐದು ಸಲ ಸಿಗುತ್ತದೆ, ಅದನ್ನು ಎರಡನೆಯ ತಿಂಗಳಿಂದಲೇ ಹೊಸಬರ ಕೈಗೆ ಬಿಡಿ. ಹೆರಿಗೆ ರಜೆಯಲ್ಲಿರುವವರಿಗೆ ಕಚೇರಿಯಿಂದ ಫೋನ್ ಮಾಡದಂತೆ ಎಲ್ಲರಿಗೂ ಈಗಲೇ ಹೇಳಿ. ಟಿಡಿಎಸ್ ಪಾಸ್‌ವರ್ಡ್‌ಗಳು, ಸಹಿಯ ಟೋಕನ್, ಯಾವ ಪಾರ್ಟಿ ಯಾವಾಗಲೂ ತಪ್ಪು ಪ್ಯಾನ್ ಕೊಡುತ್ತಾರೆ ಎಂಬ ಅವರ ಚೀಟಿ ಇವೆಲ್ಲ ಅವರು ಹೋಗುವ ಒಂದು ತಿಂಗಳ ಮೊದಲೇ ಹೊಸಬರ ಮೇಜಿನ ಮೇಲಿರಬೇಕು.